ಸಪ್ಲೈ ಐತಿ, ಕೆಳಗೆ ಇಳೀತಿಲ್ಲ

ಆಪರೇಷನ್ ಆದ ದಿನ ಸಂಜೆ ಡಾಕ್ಟರು ಹೊರಗೆ ಬಂದು, "ತೂತು ಚೆನ್ನಾಗಿ ಮುಚ್ಚಿದೆ. ಆದರೆ ಹಾರ್ಟ್ ಬ್ಲಾಕ್ ಆಗಿದೆ, ಸದ್ಯ ಹೊರಗಿನಿಂದ ಪೇಸಿಂಗ್ ಕೊಡ್ತಿದ್ದೀವಿ" ಅಂದರು. ನಾನು ದಾವಣಗೆರೆಗೆ ಫೋನ್ ಮಾಡಿ ಕೇಳಿಸಿಕೊಂಡಷ್ಟನ್ನೇ ಹೇಳಿದೆ. ಹತ್ತು ನಿಮಿಷದಲ್ಲಿ ಮಾವನವರು ವಾಪಸ್ ಫೋನ್ ಮಾಡಿದರು. "ಬ್ಲಾಕ್ ಆದ್ರೆ ಸ್ಟಂಟ್ ಹಾಕ್ತಾರಪ್ಪ. ನನಗೂ ಎರಡು ಹಾಕ್ಯಾರಲ್ಲ, ಗಟ್ಟಿ ಅದೀನಿ. ಹೆದರಬ್ಯಾಡ." ರಾತ್ರಿ ದೊಡ್ಡಮ್ಮ ವಾಟ್ಸಾಪ್‌ನಲ್ಲಿ ಕಷಾಯದ ವಿಡಿಯೋ ಕಳಿಸಿದಳು. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನುತುಪ್ಪ. ಹೃದಯದ ಬ್ಲಾಕ್ ಎಲ್ಲ ಕರಗುತ್ತಂತೆ. ಒಳಗೆ ಮಲಗಿದ್ದದ್ದು ಎರಡು ವರ್ಷ ಮೂರು ತಿಂಗಳಿನ, ಒಂಬತ್ತೂವರೆ ಕೆಜಿ ತೂಕದ ನನ್ನ ಮಗಳು.

ಯಾರ ಮೇಲೂ ಸಿಟ್ಟು ಬರಲಿಲ್ಲ. ನಮ್ಮ ಕಡೆ ಬ್ಲಾಕ್ ಅಂದರೆ ಒಂದೇ ಅರ್ಥ: ರಕ್ತನಾಳದಲ್ಲಿ ಕೊಬ್ಬು ಕಟ್ಟೋದು. ಅವತ್ತು ರಾತ್ರಿ ಎಂಟರವರೆಗೆ ನಾನೂ ಹಾಗೇ ತಿಳಿದಿದ್ದೆ. ಈ ಮಾತಿಗೆ ಇನ್ನೊಂದು ಅರ್ಥ ಇದೆ ಅಂತ ಆಪರೇಷನ್ನಿಗೆ ಮುಂಚೆ ಯಾರಾದರೂ ನಮ್ಮ ಭಾಷೆಯಲ್ಲಿ ಐದು ನಿಮಿಷ ಹೇಳಿದ್ದರೆ, ಮುಂದಿನ ಹತ್ತು ದಿನ ನಾವು ಪಟ್ಟ ಪಾಡು ಅರ್ಧ ಇಳೀತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಜಗಳೂರು, ಚನ್ನಗಿರಿ ಕಡೆಯ ರೈತರು ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ತರುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ತೋಟ ಒಣಗುತ್ತಿರುತ್ತದೆ, ಅವರಿಗೆ ಮೋಟಾರ್ ಇವತ್ತೇ ಬೇಕು. ಅಂಗಡಿಯ ಹಿಂದೆಯೇ ಮನೆ. ಮಗಳಿಗೆ ಹುಟ್ಟಿನಿಂದಲೂ ಆಗಾಗ ನೆಗಡಿ, ಕಫ. ಎರಡು ಸಲ ನ್ಯುಮೋನಿಯಾ ಆಗಿ ಅಡ್ಮಿಟ್ ಮಾಡಿದ್ದೆವು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರು. "ಸಣಕಲು ಮೈ, ನಿಮ್ಮಪ್ಪನ ಹಂಗೆ" ಅಂತ ಅವ್ವ ಸಮಾಧಾನ ಹೇಳುತ್ತಿದ್ದಳು. ಅಂಗನವಾಡಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರು ಬಂದವರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ. ಅಲ್ಲಿಂದ ಎಕೋ, ಅಂದರೆ ಹೃದಯದ ಸ್ಕ್ಯಾನ್ ಆಯಿತು. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ 8 ಮಿಲಿಮೀಟರ್ ತೂತು, ಅದಕ್ಕೆ ವಿಎಸ್‌ಡಿ ಅನ್ನುತ್ತಾರೆ. ಶ್ವಾಸಕೋಶದ ಒತ್ತಡ ಏರುತ್ತಿದೆ, ತಡ ಮಾಡಬೇಡಿ ಅಂದರು. ಕಾರ್ಡು, ರೆಫರಲ್ ಕಾಗದ ಎಲ್ಲ ಓಡಾಡಿ ಮಾಡಿಸಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು.

ಒಪ್ಪಿಗೆ ಪತ್ರದಲ್ಲಿ ಎಲ್ಲಾ ಇತ್ತು, ಇಂಗ್ಲಿಷಿನಲ್ಲಿ. ರಕ್ತಸ್ರಾವ, ಇನ್ಫೆಕ್ಷನ್, ಅದರ ಕೆಳಗೆ ಹಾರ್ಟ್ ಬ್ಲಾಕ್, ಪೇಸ್‌ಮೇಕರ್ ಬೇಕಾಗಬಹುದು. "ಇದು ಎಲ್ಲರಿಗೂ ಇರೋದೇ, ಇಲ್ಲಿ ಸೈನ್ ಮಾಡಿ" ಅಂದವರು ಕೆಟ್ಟವರಲ್ಲ, ಅವರ ಹಿಂದೆ ಇನ್ನೂ ಆರು ಮಂದಿ ನಿಂತಿದ್ದರು. ತಿಳಿಸಿ ಹೇಳಿದ್ದರೂ ನಾನು ಸೈನ್ ಮಾಡುತ್ತಿದ್ದೆ. ಆದರೆ ತಿಳಿದು ಮಾಡುತ್ತಿದ್ದೆ. ಈ ನೋವು ನನಗೆ ಈಗಲೂ ಇದೆ.

ರಾತ್ರಿ ಎಂಟಕ್ಕೆ ಒಬ್ಬರನ್ನೇ ಐಸಿಯುಗೆ ಬಿಟ್ಟರು. ಬಾಯಲ್ಲಿ ವೆಂಟಿಲೇಟರ್ ಪೈಪು, ಎದೆಯ ನಡುವೆ ಉದ್ದ ಪಟ್ಟಿ. ಎದೆಮೂಳೆಯ ಕೆಳಗಡೆ ಚರ್ಮದಿಂದ ನಾಲ್ಕು ಸಣ್ಣ ತಂತಿಗಳು ಹೊರಗೆ ಬಂದಿದ್ದವು, ಬಲಕ್ಕೆ ಎರಡು, ಎಡಕ್ಕೆ ಎರಡು. ನೀಲಿ ಹೊದಿಕೆಯ, ದಾರದಷ್ಟು ತೆಳ್ಳನೆಯ ತಂತಿ. ನಾನು ದಿನಾ ಇಪ್ಪತ್ತು ಬಗೆಯ ತಂತಿ ಮುಟ್ಟುವವನು, ಅಷ್ಟು ತೆಳುವಾದದ್ದನ್ನು ಮನುಷ್ಯನ ಮೈಯಿಂದ ಹೊರಗೆ ಬಂದದ್ದನ್ನು ನೋಡಿರಲಿಲ್ಲ. ಎಡಗಡೆಯ ಎರಡು ಒಂದು ಕೇಬಲ್ಲಿಗೆ, ಬಲಗಡೆಯ ಎರಡು ಇನ್ನೊಂದಕ್ಕೆ ಸೇರಿ, ಮಂಚದ ಕಂಬಿಗೆ ತೂಗುಹಾಕಿದ್ದ ಒಂದು ಪೆಟ್ಟಿಗೆಗೆ ಹೋಗಿದ್ದವು. ಹೃದಯಕ್ಕೆ ಕರೆಂಟ್ ಕೊಟ್ಟು ಬಡಿಸುತ್ತಿದ್ದದ್ದು ಅದೇ, ಪೇಸಿಂಗ್ ಅಂದರೆ ಅದು. ಪೆಟ್ಟಿಗೆಯಲ್ಲಿ ಒಂದು ಸಣ್ಣ ದೀಪ ಮಿಣುಕುತ್ತಿತ್ತು, ನಿಮಿಷಕ್ಕೆ 120 ಸಲ.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಹಾಸನದ ಕಡೆಯವರು. ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ವೈಂಡಿಂಗ್ ಅಂದೆ. "ಹಾಗಾದರೆ ನಿಮಗೆ ಬೇಗ ಅರ್ಥ ಆಗುತ್ತೆ, ಬನ್ನಿ" ಅಂತ ಮಾನಿಟರ್ ಮುಂದೆ ನಿಲ್ಲಿಸಿ ಪೆಟ್ಟಿಗೆಯ ವೇಗವನ್ನು ಒಂದು ಗಳಿಗೆ ಇಳಿಸಿದರು. ಸಣ್ಣ ಗುಡ್ಡಗಳ ಸಾಲೊಂದು ಸರಿಯಾಗಿ, ಬೇಗಬೇಗ ಓಡುತ್ತಿತ್ತು. ಅದರ ನಡುವೆ ಎತ್ತರದ ಮೊನೆಗಳು ತಮ್ಮ ಪಾಡಿಗೆ ತಾವು, ನಿಧಾನವಾಗಿ, ನಿಮಿಷಕ್ಕೆ ಐವತ್ತರಂತೆ ಬರುತ್ತಿದ್ದವು. ಸಣ್ಣದಕ್ಕೂ ದೊಡ್ಡದಕ್ಕೂ ಸಂಬಂಧವೇ ಇಲ್ಲ. "ಸಣ್ಣದು ಮೇಲಿನ ಕೋಣೆ, ದೊಡ್ಡದು ಕೆಳಗಿನ ಕೋಣೆ" ಅಂದರು.

"ಹಂಗಂದ್ರೆ ಮ್ಯಾಲೆ ಸಪ್ಲೈ ಐತಿ, ಕೆಳಗೆ ಇಳೀತಿಲ್ಲ" ಅಂದೆ.

"ಅಷ್ಟೇ. ಪೈಪ್ ಕಟ್ಟಿಲ್ಲ, ವೈರ್ ಕಟ್ ಆಗಿದೆ."

ಆ ರಾತ್ರಿ ವೇಟಿಂಗ್ ಹಾಲ್‌ನಲ್ಲಿ ಕೂತು ನನ್ನ ಹೆಂಡತಿಗೆ ಅದನ್ನೇ ಹೇಳಿದೆ. ಹೃದಯದ ಮೇಲ್ಗಡೆ ಬಲಕ್ಕೆ ಒಂದು ಜಾಗ ಇದೆ, ಅಲ್ಲಿಂದ ಕರೆಂಟ್ ಹುಟ್ಟುತ್ತೆ. ನಡುವೆ ಒಂದು ಜಂಕ್ಷನ್, ಎವಿ ನೋಡ್. ಅಲ್ಲಿ ಕರೆಂಟ್ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು ನಿಲ್ಲುತ್ತೆ, ಮೇಲಿನ ಕೋಣೆಯ ರಕ್ತ ಕೆಳಗೆ ಪೂರ್ತಿ ಇಳಿಯಲಿ ಅಂತ. ನಮ್ಮ ಮೋಟಾರಿನ ಸ್ಟಾರ್ ಡೆಲ್ಟಾ ಸ್ಟಾರ್ಟರ್‌ನಲ್ಲಿ ತುಸು ತಡೆ ಕೊಡುವ ಟೈಮರ್ ಇದ್ದ ಹಾಗೆ. ಅಲ್ಲಿಂದ ಕೆಳಗಿನ ಎರಡೂ ಕೋಣೆಗೆ ಹೋಗೋಕೆ ಇರೋದು ಒಂದೇ ಕೇಬಲ್, ಹಿಸ್ ಬಂಡಲ್. ನಮ್ಮ ಮಗುವಿನ ತೂತು ಇದ್ದದ್ದು ಆ ಕೇಬಲ್ಲಿನ ಪಕ್ಕದಲ್ಲೇ. ಅವಳು ಎಲ್ಲಾ ಕೇಳಿ ಒಂದೇ ಪ್ರಶ್ನೆ ಕೇಳಿದಳು. "ಹಂಗಾದ್ರೆ ಅವರೇ ಕತ್ತರಿಸಿದ್ರಾ?"

ನನ್ನ ಹೊಟ್ಟೆಯಲ್ಲೂ ಅದೇ ಪ್ರಶ್ನೆ ಇತ್ತು. ಮರುದಿನ ಸರ್ಜನ್ನರನ್ನು ನೇರವಾಗಿ ಕೇಳಿದೆ. ಅವರು ಮುಖ ಸಿಂಡರಿಸಲಿಲ್ಲ. ಕಾಗದದ ಮೇಲೆ ತೂತು ಬರೆದು, ಅದರ ಹಿಂದಿನ ಕೆಳ ಅಂಚಿನಲ್ಲಿ ಪೆನ್ಸಿಲ್ಲಿಂದ ತೆಳ್ಳಗೆ ಒಂದು ಗೆರೆ ಎಳೆದರು. ಕೇಬಲ್ ಹೋಗೋದು ಇಲ್ಲಿ. ಆದರೆ ಇದು ಕಣ್ಣಿಗೆ ಕಾಣಲ್ಲ, ಸುತ್ತಲಿನ ಮಾಂಸದ ಬಣ್ಣವೇ ಇದರದ್ದೂ. ಎಲ್ಲಿರುತ್ತೆ ಅಂತ ತಿಳಿದುಕೊಂಡು, ಆ ಜಾಗದಲ್ಲಿ ಹೊಲಿಗೆಯನ್ನು ಅಂಚಿನಿಂದ ದೂರ, ಆಳಕ್ಕೆ ಇಳಿಸದೆ ಹಾಕುತ್ತೇವೆ. ಅಷ್ಟು ಮಾಡಿದರೂ ನೂರರಲ್ಲಿ ಒಂದೋ ಎರಡೋ ಮೂರೋ ಮಕ್ಕಳಿಗೆ ಹೀಗಾಗುತ್ತೆ. ಹೊಲಿಗೆಯೇ ತಾಗಿದ್ದರೆ ವಾಪಸ್ ಬರಲ್ಲ. ಸುತ್ತ ಊತ ಬಂದು ಒತ್ತಿದ್ದರೆ, ಊತ ಇಳಿದ ಹಾಗೆ ಬರುತ್ತೆ. ಯಾವುದು ಅಂತ ಇವತ್ತು ಹೇಳೋಕೆ ಆಗಲ್ಲ. ಒಂದು ವಾರ, ಹತ್ತು ದಿನ ಕಾಯೋಣ. ಬರೋದಿದ್ದರೆ ಬಹುತೇಕ ಅಷ್ಟರಲ್ಲಿ ಬರುತ್ತೆ.

ಈ ಉತ್ತರ ಕೇಳಿದ ಮೇಲೆ ನನ್ನ ಮನಸ್ಸು ಸ್ವಲ್ಪ ನಿಂತಿತು. ಕಾಣುವ ತಂತಿಯಲ್ಲೇ ಎನಾಮಲ್ ಎಲ್ಲಿ ಸುಲಿದಿದೆ ಅಂತ ಹುಡುಕಲು ನಾನು ದಿನಗಟ್ಟಲೆ ಕೂರುತ್ತೇನೆ. ಅವರು ಕಾಣದ ತಂತಿಯ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ಜಾಗದಲ್ಲಿ ಹೊಲಿಯುತ್ತಾರೆ.

ಪಕ್ಕದ ಬೆಡ್‌ನಲ್ಲಿ ಹೊಸದುರ್ಗದ ಕಡೆಯ ಒಂದು ಗಂಡು ಮಗು. ಅದಕ್ಕೆ ಉಲ್ಟಾ ತೊಂದರೆ. ನಡುವಿನ ಜಂಕ್ಷನ್ನೇ ಕೆರಳಿ ತಾನೇ ಕರೆಂಟ್ ಹುಟ್ಟಿಸತೊಡಗಿತ್ತು, ನಿಮಿಷಕ್ಕೆ ಇನ್ನೂರರ ಹತ್ತಿರ. ಜೆಟ್ ಅನ್ನುತ್ತಾರೆ, ಆಪರೇಷನ್ ಆದ ಮೊದಲ ಎರಡು ಮೂರು ದಿನ ಬರೋದಂತೆ. ಡಾಕ್ಟರುಗಳು ಆ ಮಗುವಿನ ಸುತ್ತ ಐಸ್ ಪ್ಯಾಕ್ ಇಟ್ಟು ಮೈಯನ್ನು 34, 35 ಡಿಗ್ರಿಗೆ ಇಳಿಸಿದ್ದರು. ಅದರ ತಾಯಿ ಒಳಗೆ ಹೋಗಿ ಕಾಲು ಮುಟ್ಟಿ ನೋಡಿ, "ಕೂಸು ತಣ್ಣಗಾಗೈತ್ರೀ" ಅಂತ ಚೀರಿಕೊಂಡು ಹೊರಗೆ ಬಂದರು. ಅದು ಚಿಕಿತ್ಸೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿ ಅವರನ್ನು ಕೂರಿಸಿಕೊಂಡು ನರ್ಸ್ ಬಂದು ಬಿಡಿಸಿ ಹೇಳುವವರೆಗೂ ಕೈ ಬಿಡಲಿಲ್ಲ. ಅಡ್ರಿನಲಿನ್ ತರಹದ ಡ್ರಿಪ್ ಕಡಿಮೆ ಮಾಡಿ, ಮೆಗ್ನೀಸಿಯಂ ಸರಿ ಮಾಡಿ, ಅಮಿಯೋಡರೋನ್ ಅನ್ನೋ ಬಡಿತ ಇಳಿಸುವ ಔಷಧಿ ಕೊಟ್ಟು, ಮೇಲಿನ ಕೋಣೆಯ ತಂತಿಯಿಂದ ಅದರ ವೇಗಕ್ಕಿಂತ ತುಸು ಹೆಚ್ಚಾಗಿ ಪೇಸ್ ಮಾಡಿ ಮೂರನೇ ದಿನಕ್ಕೆ ಹತೋಟಿಗೆ ತಂದರು. ಆ ಮಗು ನಮಗಿಂತ ಮುಂಚೆ ಊರಿಗೆ ಹೋಯಿತು.

ನಮ್ಮದು ಕಾಯುವ ಕೆಲಸ. ದಿನಾ ಬೆಳಿಗ್ಗೆ ರೌಂಡ್ಸ್‌ನಲ್ಲಿ ಪೆಟ್ಟಿಗೆಯ ವೇಗ ಇಳಿಸಿ, ಮಗುವಿನ ಸ್ವಂತ ಬಡಿತ ಎಷ್ಟಿದೆ ಅಂತ ನೋಡುತ್ತಿದ್ದರು. ಆಮೇಲೆ ಕರೆಂಟ್ ಇಳಿಸುತ್ತಾ ಹೋಗಿ, ಎಷ್ಟಕ್ಕೆ ಹೃದಯ ಹಿಡಿಯೋದು ಬಿಡುತ್ತೆ ಅಂತ ನೋಡುತ್ತಿದ್ದರು. ಅದಕ್ಕೆ ಥ್ರೆಶೋಲ್ಡ್ ಅನ್ನುತ್ತಾರೆ. ಅದರ ಎರಡು ಪಟ್ಟು ಇಟ್ಟು ಹೋಗುತ್ತಿದ್ದರು. ನಾನು ಅಂಗಡಿಯ ಬಿಲ್ ಬುಕ್ಕಿನ ಹಿಂದೆ ಬರೆದುಕೊಳ್ಳತೊಡಗಿದೆ. ಮಂಗಳವಾರ ಆಪರೇಷನ್. ಬುಧವಾರ ಸ್ವಂತದ್ದು 50, ಥ್ರೆಶೋಲ್ಡ್ ಒಂದೂವರೆ ಮಿಲಿಆಂಪ್. ಶನಿವಾರ 52, ಮೂರು ಮಿಲಿಆಂಪ್. ಭಾನುವಾರ ಬೆಳಿಗ್ಗೆ ವೇಗ ಇಳಿಸಿದಾಗ ಎರಡು ಸಣ್ಣ ಗುಡ್ಡಕ್ಕೆ ಒಂದು ದೊಡ್ಡ ಮೊನೆ ಸರಿಯಾಗಿ ಹಿಂದೆಯೇ ಬಂತು. ಎರಡಕ್ಕೆ ಒಂದು ಇಳೀತಿದೆ! ಮೂರು ನಿಮಿಷ ಹಾಗೇ ನಡೆಯಿತು. ಫೋನ್‌ನಲ್ಲಿ ಅವ್ವನಿಗೆ ಹೇಳಿದೆ, ಅವಳು ದುಗ್ಗಮ್ಮನ ಗುಡಿಗೆ ಹೋಗಿ ಬಂದಳು. ಸೋಮವಾರ ಏನೂ ಇಲ್ಲ. ಮಂಗಳವಾರ ಇಲ್ಲ. ಥ್ರೆಶೋಲ್ಡ್ ಆರಕ್ಕೆ ಏರಿತು. ತಂತಿಯ ತುದಿ ತಾಗಿದ ಜಾಗದಲ್ಲಿ ಉರಿಯೂತ ಆಗಿ ದಿನದಿನಕ್ಕೆ ಹೀಗೆ ಏರುತ್ತೆ, ಈ ತಂತಿ ತಿಂಗಳುಗಟ್ಟಲೆ ನಂಬೋಕೆ ಬರಲ್ಲ ಅಂದರು. ಊತ ಇಳಿಯಲಿ ಅಂತ ಕಾಯಬೇಕು, ಕಾದಷ್ಟೂ ತಂತಿ ಸೋಲುತ್ತೆ. ಆ ಎಂಟು ದಿನ ನಾವು ಬದುಕಿದ್ದು ಇವೆರಡರ ನಡುವೆ.

ಬುಧವಾರ ಐಸಿಯುನಿಂದ ಪಕ್ಕದ ವಾರ್ಡಿಗೆ ಸಾಗಿಸುವಾಗ ಒಂದು ಘಟನೆ ನಡೆಯಿತು. ಟ್ರಾಲಿ ಬಾಗಿಲ ಹತ್ತಿರ ತಿರುಗಿದಾಗ ಕೇಬಲ್ ಯಾವುದಕ್ಕೋ ಸಿಕ್ಕಿ ಎಳೆಯಿತು. ಪೆಟ್ಟಿಗೆಯ ದೀಪ ಮಿಣುಕುತ್ತಲೇ ಇತ್ತು. ಆದರೆ ಟ್ರಾಲಿಯ ಸಣ್ಣ ಮಾನಿಟರ್‌ನಲ್ಲಿ ಗೆರೆ ಚಪ್ಪಟೆಯಾಯಿತು, ಮಗಳ ತುಟಿ ಬಿಳುಚಿಕೊಂಡಿತು, ಕಣ್ಣು ಮೇಲಕ್ಕೆ ಹೋದವು. ನಾನು ನೋಡಿದ್ದು ಕನೆಕ್ಟರ್. ಒಂದು ಪಿನ್ ಅರ್ಧ ಹೊರಗೆ ಬಂದಿತ್ತು. "ಸಿಸ್ಟರ್, ಲೂಸ್ ಕಾಂಟ್ಯಾಕ್ಟ್!" ಅಂತ ಕೂಗಿದೆ. ಅವರು ನನಗಿಂತ ಮುಂಚೆ ಕೈ ಹಾಕಿ ಪಿನ್ ಒತ್ತಿ ತಿರುಪಿದ್ದರು. ಇನ್ನೊಬ್ಬರು ಎದೆ ಒತ್ತಲು ಬಗ್ಗಿಯೇ ಬಿಟ್ಟಿದ್ದರು. ಗೆರೆ ಎದ್ದಿತು. ಎಲ್ಲಾ ಸೇರಿ ಆರೇಳು ಸೆಕೆಂಡ್ ಇರಬಹುದು. ಆಮೇಲೆ ಕನೆಕ್ಟರನ್ನು ಮೈಗೆ ಟೇಪ್ ಹಾಕಿ ಕೂರಿಸಿದರು, ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿ ಅದರ ಮೇಲೆ ತಾರೀಖು ಬರೆದರು. ನಾನು ಯಾರನ್ನೂ ದೂರಲಿಲ್ಲ. ಆದರೆ ಆ ದಿನದಿಂದ ಮಂಚ ಅಲುಗಿಸುವ ಮುಂಚೆ ನಾವಿಬ್ಬರಲ್ಲಿ ಒಬ್ಬರು ಪೆಟ್ಟಿಗೆ ಕೈಯಲ್ಲಿ ಹಿಡಿದುಕೊಂಡೇ ನಿಲ್ಲುತ್ತಿದ್ದೆವು. ಮಗುವನ್ನು ಹೀಗೆ ಇಟ್ಟುಕೊಂಡಿರುವ ತಂದೆ ತಾಯಿ ಯಾರಾದರೂ ಇದನ್ನು ಓದುತ್ತಿದ್ದರೆ, ನೀವೂ ಹಾಗೆ ಮಾಡಿ. ಕೇಳೋಕೆ ಸಂಕೋಚ ಪಡಬೇಡಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಸನದ ಡಾಕ್ಟರು ಚಹಾ ಹಿಡಿದು ಪಕ್ಕದಲ್ಲಿ ಕೂತು ಒಂದು ಕಥೆ ಹೇಳಿದರು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಲಿಲ್ಲೆಹೈ ಅನ್ನೋ ಸರ್ಜನ್ 1954ರಲ್ಲಿ ಮೊದಲ ಸಲ ಇದೇ ವಿಎಸ್‌ಡಿ ಮುಚ್ಚಿದರಂತೆ. ಆಗ ಈಗಿನ ಹಾರ್ಟ್ ಲಂಗ್ ಮಷೀನ್ ಕೈಗೆ ಬಂದಿರಲಿಲ್ಲ, ಮಗುವಿನ ರಕ್ತನಾಳಗಳನ್ನು ಪಕ್ಕದಲ್ಲಿ ಮಲಗಿದ ತಂದೆಯ ರಕ್ತನಾಳಗಳಿಗೆ ಜೋಡಿಸಿದ್ದರು. ಅಪ್ಪನ ಹೃದಯವೇ ಮಗುವಿನ ಪಂಪು. ಆ ಕಾಲದಲ್ಲಿ ಬ್ಲಾಕ್ ಆದ ಮಕ್ಕಳು ಉಳಿಯುವುದೇ ಕಷ್ಟವಿತ್ತು. 1957ರಲ್ಲಿ ಹೃದಯಕ್ಕೇ ತಂತಿ ಹೊಲಿದು ಕರೆಂಟ್ ಕೊಡುವುದನ್ನು ಅವರು ಶುರು ಮಾಡಿದರು. ಆದರೆ ಆ ಪೇಸ್‌ಮೇಕರ್ ಗೋಡೆಯ ಪ್ಲಗ್ಗಿನಿಂದ ನಡೆಯೋದು. ಅದೇ ವರ್ಷ ಅಕ್ಟೋಬರ್ 31ರಂದು ಊರಲ್ಲೆಲ್ಲ ಕರೆಂಟ್ ಹೋಯಿತು. ಲಿಲ್ಲೆಹೈ ಆಮೇಲೆ ಕೇಳಿದ್ದು ದೊಡ್ಡ ಕಂಪನಿಯನ್ನಲ್ಲ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ, ಗ್ಯಾರೇಜಿನಲ್ಲಿ ಅಂಗಡಿ ಇಟ್ಟಿದ್ದ ಅರ್ಲ್ ಬಕ್ಕೆನ್ ಅನ್ನುವವರನ್ನು. ಅವರು ಒಂದು ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಬಂದಿದ್ದ, ಸಂಗೀತಗಾರರು ತಾಳಕ್ಕೆ ಬಳಸುವ ಮೆಟ್ರೋನೋಮ್‌ನ ಸರ್ಕ್ಯೂಟನ್ನು ನೆನಪಿಸಿಕೊಂಡು, ಟ್ರಾನ್ಸಿಸ್ಟರ್ ಹಾಕಿ, ಬ್ಯಾಟರಿಯಿಂದ ನಡೆಯುವ ಪುಟ್ಟ ಪೆಟ್ಟಿಗೆ ಮಾಡಿಕೊಟ್ಟರು.

ಇದನ್ನು ಕೇಳಿ ನಾನು ಎದ್ದು ಹೋಗಿ ಮಂಚದ ಕಂಬಿಗೆ ತೂಗಿದ್ದ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದೆ. ನನ್ನಂಥ ಒಬ್ಬ ರಿಪೇರಿಯವನ ಕೈಯಿಂದ ಶುರುವಾದ ವಸ್ತು ನನ್ನ ಮಗಳನ್ನು ಹಿಡಿದುಕೊಂಡಿತ್ತು.

ಒಂಬತ್ತನೇ ದಿನ ಸ್ವಂತದ್ದು 48, ಥ್ರೆಶೋಲ್ಡ್ ಎಂಟು. ಪರ್ಮನೆಂಟ್ ಪೇಸ್‌ಮೇಕರ್ ಹಾಕೋಣ ಅಂದರು. ಈ ಸಲ ಕನ್ನಡದಲ್ಲೇ, ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ದೊಡ್ಡವರಿಗಾದರೆ ಭುಜದ ಹತ್ತಿರದ ರಕ್ತನಾಳದಿಂದ ತಂತಿ ಇಳಿಸಿ ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಡುತ್ತಾರೆ. ಇಷ್ಟು ಸಣ್ಣ ಮಗುವಿನ ರಕ್ತನಾಳ ಅದಕ್ಕೆ ಸಾಲದು. ಅದಕ್ಕೆ ತಂತಿಯನ್ನು ಹೃದಯದ ಹೊರಮೈಗೆ ಹೊಲಿದು, ಪೇಸ್‌ಮೇಕರನ್ನು ಹೊಟ್ಟೆಯ ಸ್ನಾಯುವಿನ ಪದರದೊಳಗೆ ಇಡುತ್ತಾರೆ. ಮಗು ಉದ್ದ ಬೆಳೆದಾಗ ಎಳೆಯದಿರಲಿ ಅಂತ ತಂತಿಯನ್ನು ಒಂದು ಸುತ್ತು ಹೆಚ್ಚಿಗೆ ಬಿಟ್ಟಿರುತ್ತಾರೆ. ನಾವೂ ಸ್ಟೇಟರ್‌ನಿಂದ ಹೊರಗೆ ಬರುವ ಲೀಡ್‌ಗೆ ಹಾಗೇ ಬಿಡುತ್ತೇವೆ. ಮೇಲಿನ ಕೋಣೆಯ ಬಡಿತವನ್ನು ಅದು ಕೇಳಿಸಿಕೊಂಡು, ಆ ಚಿಕ್ಕ ತಡೆ ಕೊಟ್ಟು, ಕೆಳಗಿನ ಕೋಣೆಗೆ ದಾಟಿಸುತ್ತೆ. ಅಂದರೆ ಓಡಿದರೆ ಅವಳ ಬಡಿತ ತಾನೇ ಏರುತ್ತೆ, ಮಲಗಿದರೆ ಇಳಿಯುತ್ತೆ. ಶುಕ್ರವಾರ ಹಾಕಿದರು. ಎರಡು ದಿನ ಬಿಟ್ಟು ಹಳೇ ನಾಲ್ಕು ತಂತಿಗಳನ್ನು ಮೆಲ್ಲಗೆ ಎಳೆದು ತೆಗೆದರು, ಒಳಗೆ ರಕ್ತ ಒಸರುತ್ತಿಲ್ಲ ಅಂತ ಎಕೋ ಮಾಡಿ ಖಾತ್ರಿ ಮಾಡಿಕೊಂಡರು.

ಅದೇ ವಾರ್ಡಿನಲ್ಲಿ ಆರನೇ ದಿನಕ್ಕೆ ಬ್ಲಾಕ್ ತಾನಾಗಿ ಬಿಟ್ಟ ಮಗುವೊಂದಿತ್ತು. ಡಿಸ್ಚಾರ್ಜ್ ದಿನ ಅದರ ತಾಯಿಗೆ ಡಾಕ್ಟರು ಒತ್ತಿ ಹೇಳಿದ್ದು ನನಗೆ ನೆನಪಿದೆ. ವಾಪಸ್ ಬಂತು ಅಂತ ಮರೆತುಬಿಡಬೇಡಿ, ವರ್ಷಗಳ ಮೇಲೂ ಮತ್ತೆ ಬ್ಲಾಕ್ ಆಗಬಹುದು. ತಪ್ಪದೆ ಇಸಿಜಿ, 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಮಾಡಿಸಿ. ಶಾಲೆಯಲ್ಲಿ ತಲೆ ತಿರುಗಿ ಬಿದ್ದರೆ ಪಿತ್ತ, ದೃಷ್ಟಿ ಅಂತ ಮನೆಯಲ್ಲಿ ಕೂರಬೇಡಿ.

ಊರಿಗೆ ಬಂದ ಮೇಲೆ ನನಗೆ ಹತ್ತಿದ ಚಿಂತೆ ನನ್ನ ಅಂಗಡಿಯದ್ದೇ. ಆರ್ಮೇಚರ್ ಪರೀಕ್ಷೆ ಮಾಡುವ ಗ್ರೌಲರ್ ಅಂದರೆ ದೊಡ್ಡ ವಿದ್ಯುತ್ಕಾಂತ. ಪಕ್ಕದ ಅಂಗಡಿಯಲ್ಲಿ ದಿನವಿಡೀ ಆರ್ಕ್ ವೆಲ್ಡಿಂಗ್. ಬಲವಾದ ಅಯಸ್ಕಾಂತ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ಕೇಳಿಸಿಕೊಳ್ಳುವುದನ್ನು ಬಿಟ್ಟು ಒಂದೇ ವೇಗದಲ್ಲಿ ಹೊಡೆಯತೊಡಗುತ್ತೆ. ವೆಲ್ಡಿಂಗ್ ಕೇಬಲ್‌ನಿಂದ ಬರುವ ವಿದ್ಯುತ್ ಸಂಕೇತವನ್ನು ಹೃದಯದ್ದು ಅಂತ ತಪ್ಪು ತಿಳಿದು ಕರೆಂಟ್ ಕೊಡೋದನ್ನೇ ನಿಲ್ಲಿಸಲೂಬಹುದು. ಮೊಬೈಲ್ ಅರ್ಧ ಅಡಿ ದೂರ, ಇಂಡಕ್ಷನ್ ಒಲೆ ಎರಡು ಅಡಿ ದೂರ, ವೆಲ್ಡಿಂಗ್ ಹತ್ತಿರ ಮಗುವನ್ನು ಬಿಡಲೇಬೇಡಿ ಅಂದಿದ್ದರು. ನಾನು ಮನೆಗೂ ಅಂಗಡಿಗೂ ನಡುವೆ ನೆಲದ ಮೇಲೆ ರೆಡ್ ಆಕ್ಸೈಡಿನಲ್ಲಿ ಒಂದು ಗೆರೆ ಎಳೆದೆ. ಗ್ರೌಲರನ್ನು ಮುಂದಿನ ಮೂಲೆಗೆ ಸಾಗಿಸಿದೆ. ಈಗ ಅವಳಿಗೆ ಆರು ವರ್ಷ, ಒಂದನೇ ಕ್ಲಾಸು. ಇಂದಿಗೂ ಆ ಗೆರೆಯ ಮೇಲೆ ಹೆಬ್ಬೆರಳು ಇಟ್ಟು ನಿಂತು, "ಅಪ್ಪಾ, ಊಟಕ್ಕೆ ಬರಬೇಕಂತೆ" ಅಂತ ಕೂಗುತ್ತಾಳೆ. ಮೇಸ್ಟ್ರಿಗೆ ಹೇಳಿಟ್ಟಿದ್ದೇನೆ: ಓಡಲಿ, ಕುಣಿಯಲಿ, ಹೊಟ್ಟೆಗೆ ಪೆಟ್ಟು ಬೀಳುವ ಆಟ ಬೇಡ. ಪೇಸ್‌ಮೇಕರ್ ಕಾರ್ಡಿನ ಒಂದು ಝೆರಾಕ್ಸ್ ಅವಳ ಬ್ಯಾಗಿನಲ್ಲಿ, ಒಂದು ನನ್ನ ಜೇಬಿನಲ್ಲಿ. ಎಂಆರ್‌ಐ, ಬೇರೆ ಆಪರೇಷನ್ ಏನೇ ಬಂದರೂ ಮೊದಲು ಆ ಕಾರ್ಡು ತೋರಿಸಬೇಕು. ಆರು ತಿಂಗಳಿಗೊಮ್ಮೆ ಬೆಳಗಿನ ಬಸ್ಸಿಗೆ ಬೆಂಗಳೂರು. ಹೊಟ್ಟೆಯ ಮೇಲೆ ಒಂದು ಸಾಧನ ಇಟ್ಟು ಕಂಪ್ಯೂಟರ್‌ನಲ್ಲಿ ಬ್ಯಾಟರಿ, ಲೀಡ್, ಥ್ರೆಶೋಲ್ಡ್ ನೋಡುತ್ತಾರೆ. ಬ್ಯಾಟರಿ ಮುಗಿದಾಗ ಪೇಸ್‌ಮೇಕರ್ ಬದಲಾಯಿಸಬೇಕು, ಅವಳ ಆಯುಷ್ಯದಲ್ಲಿ ಹಲವು ಸಲ. ಎಷ್ಟೋ ವರ್ಷ ಪೇಸಿಂಗ್ ಆದರೆ ಕೆಲವರಲ್ಲಿ ಹೃದಯದ ಶಕ್ತಿ ಕುಗ್ಗುವುದುಂಟು, ಅದಕ್ಕೆ ಎಕೋ ಕೂಡ ತಪ್ಪದೆ ಮಾಡಿಸುತ್ತೇವೆ.

ಹೋದ ತಿಂಗಳು ಹರಿಹರದಿಂದ ಒಬ್ಬರು ಫೋನ್ ಮಾಡಿದರು, ನಮ್ಮ ಗಿರಾಕಿಯೊಬ್ಬರ ಅಳಿಯ. ಮಗುವಿಗೆ ಆಪರೇಷನ್ ಆಗಿದೆ, ಐಸಿಯು ಹೊರಗೆ ನಿಂತಿದ್ದಾರೆ.

"ಅಣ್ಣಾ, ಬ್ಲಾಕ್ ಅಂತಿದಾರೆ. ಇಷ್ಟು ಸಣ್ಣ ಕೂಸಿಗೆ ಕೊಬ್ಬು ಎಲ್ಲಿಂದ ಬಂತು?"

ಷಟರ್ ಅರ್ಧ ಎಳೆದು, ಸ್ಟೂಲ್ ಮೇಲೆ ಕೂತು, ಮೇಲಿನ ಸಪ್ಲೈಯಿಂದ ಶುರು ಮಾಡಿ ಎಲ್ಲಾ ಹೇಳಿದೆ. ಆಮೇಲೆ ಕೇಳಿದೆ, "ಇವತ್ತಿಗೆ ಎಷ್ಟನೇ ದಿನ?"

"ನಾಕನೇದು."

"ಹಂಗಾದ್ರೆ ಇನ್ನೂ ಟೈಮ್ ಐತಿ ತಮ್ಮಾ. ಒಂದು ನೋಟ್‌ಬುಕ್ ತಗೋ. ದಿನಾ ಬೆಳಿಗ್ಗೆ ಎರಡು ಲೆಕ್ಕ ಕೇಳಿ ಬರಕೊ, ಕೂಸಿನ ಸ್ವಂತದ್ದು ಎಷ್ಟು, ಥ್ರೆಶೋಲ್ಡ್ ಎಷ್ಟು. ಮಂಚ ಅಲುಗಿಸುವಾಗ ಪೆಟ್ಟಿಗೆ ನೀನೇ ಹಿಡಕೊ. ಸಂಜೆ ಮತ್ತೆ ಫೋನ್ ಮಾಡು."